ಬೇಲಿಯಾಚೆಯ ಅತಿಥಿಗಳು

ಚರಿತ್ರೆಯ ಸಾಮಗ್ರಿ ಎಂದ ಕೂಡಲೆ ನಮಗೆ ಶಿಲಾಶಾಸನ, ತಾಮ್ರಪಟ, ಕಡತ, ಕೈಫಿಯತ್ತುಗಳು ನೆನಪಿಗೆ ಬರುತ್ತವೆ. ಬಿ. ಎಲ್. ರೈಸ್ ಮೊದಲಾದ ವಿದ್ವಾಂಸರು ಊರೂರು ತಿರುಗಿ, ಹೊಲದ ಬದುವಿನಲ್ಲೂ ಕೆರೆಯ ಏರಿಯ ಮೇಲೂ ಬಿದ್ದಿದ್ದ ಕಲ್ಲುಗಳ ಅಚ್ಚು ತೆಗೆಯದೆ ಹೋಗಿದ್ದರೆ ನಮ್ಮ ಅರಸು ಮನೆತನಗಳ ಕಥೆಯಲ್ಲಿ ಎಷ್ಟೋ ಪುಟಗಳು ಬರಿದಾಗಿರುತ್ತಿದ್ದುವು. ನಮ್ಮ ಕಾಲಕ್ಕೂ ಇಂಥ ಅಚ್ಚು ತೆಗೆಯುವವರ ಪಂಗಡವೊಂದಿದೆ. ಅವರಿಗೆ ಸಂಬಳವಿಲ್ಲ, ಬಿರುದಿಲ್ಲ. ಕ್ಯಾಮೆರಾ, ದುರ್ಬೀನು, ಟಿಪ್ಪಣಿ ಪುಸ್ತಕ, ಒಂದಿಷ್ಟು ಬುತ್ತಿ, ಇವನ್ನು ಹಿಡಿದು ವಿಮಾನ ನಿಲ್ದಾಣದ ಬೇಲಿಯ ಹೊರಗೆ ನಿಲ್ಲುತ್ತಾರೆ. ಬಂದಿಳಿಯುವ ವಿಮಾನಗಳ ಚಿತ್ರ ತೆಗೆಯುತ್ತಾರೆ. ಬಾಲದ ಬಳಿಯ ಗುರುತಿನ ಸಂಖ್ಯೆಯನ್ನು ಬರೆದುಕೊಳ್ಳುತ್ತಾರೆ. ಇದನ್ನು ಹುಡುಗಾಟವೆಂದು ನಗುವವರು ಹಲವರು. ಈ ಹುಡುಗಾಟವು ಚರಿತ್ರೆಗೆ ಮಾಡಿರುವ ಉಪಕಾರವೆಷ್ಟು ಎಂಬುದನ್ನು ಸ್ವಲ್ಪ ಲೆಕ್ಕ ಹಾಕಬೇಕೆಂಬುದು ನನ್ನ ಆಸೆ.

ಇಂಥವರಲ್ಲಿ ಅನೇಕರಿಗೆ ರಾಜಧಾನಿಯ ದೊಡ್ಡ ನಿಲ್ದಾಣಕ್ಕಿಂತ ಬದಿಯ ಊರಿನ ಪ್ರಾದೇಶಿಕ ನಿಲ್ದಾಣವೇ ಮೇಲು. ದೊಡ್ಡ ನಿಲ್ದಾಣಗಳಲ್ಲಿ ನಿಮಿಷಕ್ಕೊಂದು ಪ್ರಯಾಣಿಕರ ವಿಮಾನ. ಬೃಹದಾಕಾರದ ಸರಕನ್ನು ಗಂಟೆಗಟ್ಟಲೆ ಇಳಿಸುತ್ತ ನಿಲ್ಲಲು ಅಲ್ಲಿ ಜಾಗವೂ ಇಲ್ಲ, ಬಿಡುವೂ ಇಲ್ಲ. ಯುದ್ಧಕಾಲದಲ್ಲಿ ಉದ್ದನೆಯ ರನ್‌ವೇ ಪಡೆದು, ಶಾಂತಿ ಕಾಲದಲ್ಲಿ ಅರೆ ಬರಿದಾದ ನಿಲ್ದಾಣಗಳಲ್ಲಿ ಇವೆರಡೂ ಧಾರಾಳ. ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್ ಮಂಜು ಕವಿಯದ ತಾಣವೆಂದು ಹೆಸರಾದುದು. ಎರಡನೆಯ ಮಹಾಯುದ್ಧದಲ್ಲಿ ಅಟ್ಲಾಂಟಿಕ್ ದಾಟಿ ಬರುತ್ತಿದ್ದ ವಿಮಾನಗಳಿಗೆ ಅದೇ ಹೊಸ್ತಿಲು. ಜರ್ಮನಿಯ ಹಾನ್ ಶೀತಲ ಸಮರದ ಕಾಲದಲ್ಲಿ ಅಮೆರಿಕದ ವಾಯುಪಡೆಯ ನೆಲೆಯಾಗಿದ್ದು, 1993ರ ಬಳಿಕ ನಾಗರಿಕ ನಿಲ್ದಾಣವಾಯಿತು. 2009ರ ಆಗಸ್ಟಿನಲ್ಲಿ 187.6 ಟನ್ ತೂಕದ ಒಂದೇ ಒಂದು ವಿದ್ಯುಜ್ಜನಕ ಯಂತ್ರ ಆರ್ಮೇನಿಯಕ್ಕೆ ಹಾರಿ ಹೋದದ್ದು ಈ ಹಾನ್‌ನಿಂದಲೇ. ಅಷ್ಟು ಭಾರದ ಒಂಟಿ ಸರಕನ್ನು ಅದಕ್ಕೆ ಮೊದಲು ಯಾವ ವಿಮಾನವೂ ಹೊತ್ತಿರಲಿಲ್ಲ.

ಹೊತ್ತ ವಿಮಾನದ ಹೆಸರು ಮ್ರಿಯಾ; ಯುಕ್ರೇನಿನ ಭಾಷೆಯಲ್ಲಿ ‘ಕನಸು’ ಎಂದರ್ಥ. ಕೀವ್ ನಗರದ ಆಂಟೊನೊವ್ ಸಂಸ್ಥೆ ಇದನ್ನು ಸೋವಿಯತ್ ಒಕ್ಕೂಟದ ‘ಬುರಾನ್’ ಎಂಬ ಆಕಾಶನೌಕೆಯನ್ನು ಬೆನ್ನ ಮೇಲೆ ಹೊರಲೆಂದು ಕಟ್ಟಿತು. 1988ರ ಡಿಸೆಂಬರ್ 21ರಂದು ಮೊದಲ ಹಾರಾಟ. ಆರು ಇಂಜಿನು, ಮೂವತ್ತೆರಡು ಚಕ್ರ, 88.4 ಮೀಟರಿನ ರೆಕ್ಕೆಯಗಲ, 84 ಮೀಟರಿನ ಉದ್ದ. ಸರಕೂ ಇಂಧನವೂ ಸೇರಿ ಮೇಲೇಳುವಾಗ 640 ಟನ್. ಸರಕು ತುಂಬುವಾಗ ಅದು ಮೂತಿಯನ್ನು ಮೇಲಕ್ಕೆತ್ತಿ, ಮುಂಗಾಲು ಮಡಿಸಿ ತಗ್ಗುತ್ತಿತ್ತು. ಅಂಬಾರಿ ಹೊರಲು ಮಂಡಿಯೂರುವ ದಸರೆಯ ಆನೆಯನ್ನು ಕಂಡವರಿಗೆ ಆ ನೋಟವನ್ನು ಬೇರೆ ವಿವರಿಸಬೇಕಾಗಿಲ್ಲ. ಎರಡನೆಯ ವಿಮಾನಕ್ಕೆ ಕೈ ಹಚ್ಚಿದ್ದರಾದರೂ ಅದು ಪೂರ್ತಿಯಾಗಲಿಲ್ಲ. ಹಾರಿದ್ದು ಇದೊಂದೇ.

ಬೇಲಿಯ ಬಳಿಯವರ ಚಿತ್ರಗಳನ್ನು ಕಾಲಕ್ರಮದಲ್ಲಿ ಜೋಡಿಸಿ ನೋಡಿದರೆ ಈ ವಿಮಾನದ ಬಾಲವೇ ಒಂದು ಶಾಸನದಂತೆ ಓದಿಸಿಕೊಳ್ಳುತ್ತದೆ. 1989ರಲ್ಲಿ ಬುರಾನನ್ನು ಹೊತ್ತು ಪ್ಯಾರಿಸಿನ ಪ್ರದರ್ಶನಕ್ಕೆ ಬಂದಾಗ 82060 ಎಂಬ ಅಂಕೆಯ ಹಿಂದೆ ಸೋವಿಯತ್ ಒಕ್ಕೂಟದ ನಾಲ್ಕು ಅಕ್ಷರಗಳಿದ್ದುವು. ಒಕ್ಕೂಟ ಒಡೆಯಿತು, ಬುರಾನ್ ಯೋಜನೆ ನಿಂತಿತು. 1994ರಿಂದ ವಿಮಾನ ಮೂಲೆ ಸೇರಿತು, ಅದರ ಇಂಜಿನುಗಳನ್ನು ಕಳಚಿ ತಮ್ಮ ವಿಮಾನವಾದ ‘ರುಸ್ಲಾನ್’ಗಳಿಗೆ ಹಾಕಿದರು. 2001ರಲ್ಲಿ ಮತ್ತೆ ಹಾರಿದಾಗ ಅಂಕೆ ಅದೇ 82060, ಮುಂದಿನ ಅಕ್ಷರಗಳು ಮಾತ್ರ ಯುಕ್ರೇನಿನವು. ಬಿದ್ದ ಸಾಮ್ರಾಜ್ಯವೊಂದರ ಕಥೆ ನಾಲ್ಕಕ್ಷರ ಅಳಿಸಿ ಎರಡಕ್ಷರ ಬರೆದುದರಲ್ಲಿ ಅಡಗಿದೆ. ಹಳೆಯ ದೊರೆಯ ಹೆಸರು ಹೋಗಿ ಹೊಸ ದೊರೆಯ ಹೆಸರು ಬಂದಿತು, ಆನೆ ಮಾತ್ರ ಅದೇ.

ನಮ್ಮ ನೆರೆಯ ಹೈದರಾಬಾದಿಗೂ ಈ ಅತಿಥಿ ಬಂದದ್ದುಂಟು. 2016ರ ಮೇ ತಿಂಗಳಲ್ಲಿ, ಪ್ರಾಗ್ ನಗರದಿಂದ ಸುಮಾರು 117 ಟನ್ನಿನ ವಿದ್ಯುಜ್ಜನಕವನ್ನು ಆಸ್ಟ್ರೇಲಿಯದ ಪರ್ತ್‌ಗೆ ಒಯ್ಯುವ ದಾರಿಯಲ್ಲಿ ಅದು ಶಂಷಾಬಾದಿನಲ್ಲಿ ಇಳಿದು ದಣಿವಾರಿಸಿಕೊಂಡಿತು. ಪರ್ತ್‌ನಲ್ಲಿ ಅದನ್ನು ನೋಡಲು ಸಹಸ್ರಾರು ಜನ ಜಾತ್ರೆಗೆಂಬಂತೆ ನೆರೆದರು.

2022ರ ಫೆಬ್ರವರಿ ಮೊದಲ ವಾರ. ಚೀನದ ತಿಯಾನ್‌ಜಿನ್‌ನಿಂದ ಸುಮಾರು 90 ಟನ್ ಕೋವಿಡ್ ಪರೀಕ್ಷೆಯ ಸಾಮಗ್ರಿ ಹೊತ್ತು ಮ್ರಿಯಾ ಡೆನ್ಮಾರ್ಕಿನ ಬಿಲುಂಡ್‌ನಲ್ಲಿ ಇಳಿಯಿತು. ಬಿಲುಂಡ್ ಚಿಕ್ಕ ಊರು. ಮಕ್ಕಳು ಜೋಡಿಸಿ ಆಡುವ ‘ಲೆಗೊ’ ಇಟ್ಟಿಗೆಗಳ ತವರು. ಆ ಕಂಪನಿಯವರು 1962ರಲ್ಲಿ ತಮ್ಮ ಸ್ವಂತಕ್ಕೆಂದು ಮಾಡಿಕೊಂಡ ರನ್‌ವೇಯೇ 1964ರಲ್ಲಿ ಸಾರ್ವಜನಿಕ ನಿಲ್ದಾಣವಾದದ್ದು. ಅಲ್ಲಿಂದ ಫೆಬ್ರವರಿ 5ರಂದು ವಿಮಾನ ಕೀವ್ ಬಳಿಯ ತನ್ನ ಮನೆಯಾದ ಹೊಸ್ತೊಮೆಲ್‌ಗೆ ಮರಳಿತು. 24ರಂದು ರಷ್ಯದ ದಾಳಿ ಆರಂಭವಾಯಿತು. ಹೊಸ್ತೊಮೆಲ್ ಮೊದಲ ದಿನದಿಂದಲೇ ರಣರಂಗವಾಯಿತು. ವಿಮಾನ ನಾಶವಾಯಿತೆಂಬ ಸುದ್ದಿ 27ರಂದು ಹೊರಬಿತ್ತು. ಬಿಲುಂಡ್‌ನಲ್ಲಿ ಕ್ಯಾಮೆರಾ ಎತ್ತಿದವರು ದೂರದ ಅತಿಥಿಯೊಬ್ಬನನ್ನು ಕಂಡೆವೆಂದಷ್ಟೇ ತಿಳಿದಿದ್ದರು. ಅವರು ಬರೆದಿಟ್ಟದ್ದು ಅದರ ಕೊನೆಯ ಸವಾರಿಯ ದಾಖಲೆಯಾಯಿತು. ಒಂದೇ ಪ್ರತಿಯಿದ್ದ ಗ್ರಂಥ ಸುಟ್ಟುಹೋದಾಗ ಉಳಿಯುವುದು ನಕಲು ಮಾಡಿಟ್ಟವರ ಪುಣ್ಯ.

ಆದರೆ ಈ ಹವ್ಯಾಸಕ್ಕೆ ಅಪಾಯವೂ ಉಂಟು. 2001ರ ನವೆಂಬರಿನಲ್ಲಿ ಗ್ರೀಸಿನ ಕಲಮಾಟ ವಾಯುನೆಲೆಯಲ್ಲಿ ಹನ್ನೆರಡು ಮಂದಿ ಬ್ರಿಟಿಷರೂ ಇಬ್ಬರು ಡಚ್ಚರೂ ಗೂಢಚಾರರೆಂಬ ಆಪಾದನೆಯ ಮೇಲೆ ಸೆರೆಯಾದರು. ವಿಮಾನದ ಸಂಖ್ಯೆಗಳನ್ನು ಬರೆದುಕೊಳ್ಳುವುದೂ ಒಂದು ಸುಖವೆಂದರೆ ಅಧಿಕಾರಿಗಳಿಗೆ ನಂಬಿಕೆ ಬರಲಿಲ್ಲ. 2002ರ ಏಪ್ರಿಲಿನಲ್ಲಿ ಶಿಕ್ಷೆಯಾಯಿತು. ನವೆಂಬರಿನಲ್ಲಿ ಮೇಲಿನ ನ್ಯಾಯಾಲಯ ಎಲ್ಲರನ್ನೂ ಬಿಡುಗಡೆ ಮಾಡಿತು.

ಇನ್ನೊಂದು ಪ್ರಸಂಗವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 2004ರ ಜನವರಿಯಲ್ಲಿ ಸ್ಪೇನಿನ ಪಾಲ್ಮಾ ದ್ವೀಪನಿಲ್ದಾಣದಲ್ಲಿ ಹವ್ಯಾಸಿಯೊಬ್ಬರು ಅಮೆರಿಕದ ಗುರುತಿದ್ದ ಬೋಯಿಂಗ್ 737 ವಿಮಾನವೊಂದರ ಚಿತ್ರ ತೆಗೆದರು. ಅದೇ ವಿಮಾನ ಜನವರಿ 23ರಂದು ಅಲ್ಲಿಂದ ಸ್ಕೋಪ್ಯೆಗೆ ಹೋಗಿ, ಖಾಲಿದ್ ಎಲ್-ಮಸ್ರಿ ಎಂಬ ಜರ್ಮನ್ ಪ್ರಜೆಯನ್ನು ಗುಟ್ಟಾಗಿ ಅಫಘಾನಿಸ್ಥಾನಕ್ಕೆ ಸಾಗಿಸಿತ್ತು. ಅಮೆರಿಕದ ಬೇಹುಗಾರಿಕೆಯ ಇಲಾಖೆ ಜನರನ್ನು ಹೀಗೆ ಹೊತ್ತೊಯ್ಯುತ್ತಿದ್ದ ಜಾಡನ್ನು ಪತ್ರಕರ್ತರು ಹುಡುಕಹೊರಟಾಗ, ಹಾರಾಟದ ದಾಖಲೆಗಳೊಡನೆ ತಾಳೆ ನೋಡಲು ಇಂಥ ಚಿತ್ರಗಳೇ ಒದಗಿದುವು. ಮಸ್ರಿಗೆ ಚಿತ್ರಹಿಂಸೆಯಾದುದು ನಿಜ, ಅದಕ್ಕೆ ಮ್ಯಾಸಿಡೋನಿಯ ಹೊಣೆ ಎಂದು ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2012ರ ಡಿಸೆಂಬರ್ 13ರಂದು ತೀರ್ಪಿತ್ತಿತು. ಕಲಮಾಟದಲ್ಲಿ ಕ್ಯಾಮೆರಾದವನನ್ನು ಕಂಡು ಸರ್ಕಾರ ಹೆದರಿತು. ಪಾಲ್ಮಾದ ಚಿತ್ರವನ್ನು ನೋಡಿದರೆ, ಯಾರು ಯಾರಿಗೆ ಹೆದರಬೇಕಾಗಿತ್ತು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

ನಮ್ಮಲ್ಲಿ ಈ ಹವ್ಯಾಸ ತಡವಾಗಿ ಬೇರೂರಿತು. 1937ರ ವಿಮಾನ ನಿಯಮಗಳಲ್ಲಿ 13ನೆಯದು, ಅಪ್ಪಣೆಯಿಲ್ಲದೆ ಸರ್ಕಾರಿ ನಿಲ್ದಾಣದಲ್ಲಿ ಛಾಯಾಚಿತ್ರ ತೆಗೆಯಬಾರದೆಂದು ವಿಧಿಸಿತ್ತು. ಇದರಿಂದ ನಾವು ಕಳೆದುಕೊಂಡದ್ದೇನು? ಬೆಂಗಳೂರಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ 1940ರಲ್ಲಿ ಸ್ಥಾಪಿಸಿದ ವಿಮಾನ ಕಾರ್ಖಾನೆ, ಯುದ್ಧದ ನಡುವೆ 1943ರಲ್ಲಿ ಅಮೆರಿಕದ ಸೇನೆಯ ಆಡಳಿತಕ್ಕೆ ಬಂದಿತು. ದುರಸ್ತಿಗೆಂದು ಬಂದ ಕ್ಯಾಟಲೀನ ಎಂಬ ಹಾರುವ ದೋಣಿಗಳು ಬೆಳ್ಳಂದೂರು ಕೆರೆಯ ನೀರಿನ ಮೇಲೆ ಇಳಿಯುತ್ತಿದ್ದುವು. ಕೆರೆಯ ಏರಿಯ ಮೇಲೆ ದನ ಕಾಯುವವನಿಗೂ ಬಟ್ಟೆ ಒಗೆಯುವವಳಿಗೂ ಅದು ಎಂಥ ನೋಟವಾಗಿದ್ದಿರಬೇಕು! ಕ್ಯಾಮೆರಾ ಇದ್ದದ್ದು ಪರದೇಶದ ಸಿಪಾಯಿಯ ಕೈಯಲ್ಲಿ. ನಮ್ಮ ಕೆರೆಯ ಚರಿತ್ರೆಯನ್ನು ಅವನ ಆಲ್ಬಂನಲ್ಲಿ ಹುಡುಕಬೇಕಾದ ಪಾಡು ನಮ್ಮದು.

ದೇಶದ ರಕ್ಷಣೆಗೆ ಗುಟ್ಟು ಬೇಡವೆಂದು ನಾನು ವಾದಿಸುತ್ತಿಲ್ಲ. ಹಗಲು ಬೆಳಕಿನಲ್ಲಿ, ಊರೆಲ್ಲ ಕತ್ತೆತ್ತಿ ನೋಡುವಂತೆ ಇಳಿದ ವಿಮಾನದಲ್ಲಿ ಗುಟ್ಟೆಂಬುದು ಎಷ್ಟು ಉಳಿದಿರುತ್ತದೆ ಎಂಬುದಷ್ಟೇ ನನ್ನ ಪ್ರಶ್ನೆ. ಬೇಲಿಯ ಬಳಿ ನಿಲ್ಲುವ ನಮ್ಮ ತರುಣರಿಗೆ ಒಂದೇ ಮಾತು: ಚಿತ್ರದ ಜೊತೆಗೆ ದಿನ, ಸ್ಥಳ, ಸಂಖ್ಯೆ ಈ ಮೂರನ್ನೂ ಬರೆದಿಡಿ. ತಿಥಿಯಿಲ್ಲದ ಶಾಸನವನ್ನು ಓದುವವನು ಲಿಪಿಯ ಮಾಟ ನೋಡಿ ಕಾಲವನ್ನು ಊಹಿಸಬೇಕಾಗುತ್ತದೆ. ಮುಂದೆ ಬರುವ ಚರಿತ್ರಕಾರನಿಗೆ ಆ ಕಷ್ಟ ಬೇಡ.