ಒಮ್ಮತದ ಹೆಜ್ಜೆ: ಕರೆನ್ ಜನರ ದೋನ್ ನೃತ್ಯ

ಮ್ಯಾನ್ಮಾರ್‌ನ (ಹಿಂದಿನ ಬರ್ಮಾ) ಆಗ್ನೇಯ ಬೆಟ್ಟಸಾಲು, ಐರಾವತಿ ನದಿಯ ಮುಖಜ ಭೂಮಿ ಹಾಗೂ ಥಾಯ್ಲೆಂಡ್‌ನ ಗಡಿಭಾಗ ಕರೆನ್ ಜನರ ನೆಲೆ. ಭಾರತಕ್ಕೂ ಅವರು ತೀರ ಹೊರಗಿನವರಲ್ಲ. 1925ರಲ್ಲಿ ಬ್ರಿಟಿಷರ ಕಾಲದಲ್ಲಿ ಬಂದ ಕೆಲವು ಕುಟುಂಬಗಳ ಸಂತತಿ ಮಧ್ಯ ಅಂಡಮಾನ್‌ನ ವೇಬಿ ಗ್ರಾಮದಲ್ಲಿದೆ.

ಈ ಜನರ ಪ್ರಸಿದ್ಧ ಸಮೂಹ ನೃತ್ಯದ ಹೆಸರು ‘ದೋನ್’. ಒಮ್ಮತದಿಂದಿರುವುದು ಎಂಬುದು ಆ ಪದದ ಸ್ಥೂಲ ಅರ್ಥ. ಒಬ್ಬ ನರ್ತಕ ಮಾತ್ರ ಮಿಂಚುವುದಕ್ಕೆ ಇಲ್ಲಿ ಅವಕಾಶವಿಲ್ಲ. ಒಂದೇ ಬಗೆಯ ನೇಯ್ಗೆಯ ಉಡುಪು ತೊಟ್ಟ ತರುಣ ತರುಣಿಯರು ಸಾಲುಗಟ್ಟಿ ನಿಂತು ಹಾಡುತ್ತಾ ಕುಣಿಯುತ್ತಾರೆ. ‘ಕೋ’ ಎಂಬ ಮುಖಂಡ ಅವರನ್ನು ನಡೆಸುತ್ತಾನೆ. ಎಲ್ಲರ ಕೈ, ಕಾಲು, ದನಿ ಏಕಕಾಲಕ್ಕೆ ಹೊರಳಬೇಕು. ಅದೇ ಇದರ ಸೊಗಸು.

ಕರೆನ್ನರಲ್ಲಿ ಪ್ವೋ ಮತ್ತು ಸ್ಗಾ ಎಂಬ ಎರಡು ಮುಖ್ಯ ಪಂಗಡಗಳಿದ್ದು, ಈ ನೃತ್ಯ ಮೂಲತಃ ಪ್ವೋ ಪಂಗಡದ್ದು. ಹಿಂದೆ ಇದು ಕೇವಲ ಮನರಂಜನೆಯಾಗಿರಲಿಲ್ಲ. ಊರಿನ ನಡತೆಯನ್ನು ಕಾಯುವ ಸಾಧನವೂ ಆಗಿತ್ತು. ಯಾರಾದರೂ ದಾರಿ ತಪ್ಪಿದರೆ ಆ ಸಂಗತಿ ಹಾಡಿಗೆ ವಸ್ತುವಾಗುತ್ತಿತ್ತು. ತಪ್ಪಿತಸ್ಥನಿಗೆ ಊರ ಮುಂದಿನ ಹಾಡೇ ಎಚ್ಚರಿಕೆ.

ಒಮ್ಮತವನ್ನು ಇಷ್ಟೊಂದು ಬಯಸಿದ ಸಮುದಾಯಕ್ಕೆ ಇತಿಹಾಸದಲ್ಲಿ ಅದು ಸುಲಭವಾಗಿ ಒದಗಲಿಲ್ಲ. ಇವರ ಆಡುನುಡಿ ಬೇರೆ ಬೇರೆ. ಬೌದ್ಧರು, ಕ್ರೈಸ್ತರು, ಪೂರ್ವಿಕರ ಆರಾಧನೆಯನ್ನು ಉಳಿಸಿಕೊಂಡವರು ಎಲ್ಲರೂ ಇವರಲ್ಲಿದ್ದಾರೆ. ಈ ಭೇದಗಳನ್ನು ಮೀರಲೆಂದೇ ಯಾವ ಧರ್ಮದ ಹಬ್ಬವೂ ಅಲ್ಲದ ದಿನವೊಂದನ್ನು ಹೊಸ ವರ್ಷಕ್ಕೆ ಆರಿಸಲಾಯಿತು. 1938ರಲ್ಲಿ ಅದರ ಮೊದಲ ಆಚರಣೆ ನಡೆಯಿತು. ಆ ಹಬ್ಬಕ್ಕೆ ದೋನ್ ಇಂದು ಅವಿಭಾಜ್ಯ.

1948ರಲ್ಲಿ ಬರ್ಮಾ ಸ್ವತಂತ್ರವಾಯಿತು. 1949ರ ಜನವರಿಯಲ್ಲಿ ಕರೆನ್ನರ ಸಶಸ್ತ್ರ ಹೋರಾಟ ಆರಂಭವಾಯಿತು. 1994ರ ಕೊನೆಯಲ್ಲಿ ಹೋರಾಟಗಾರರಲ್ಲೇ ಒಡಕು ಮೂಡಿ, ಬೌದ್ಧ ಸೈನಿಕರ ಗುಂಪೊಂದು ಸಿಡಿದು ಹೋಯಿತು. ಮುಂದಿನ ತಿಂಗಳೇ ಅವರ ಕೇಂದ್ರವಾಗಿದ್ದ ಮಾನೆರ್‌ಪ್ಲಾ ಸೇನೆಯ ವಶವಾಯಿತು. ಸಾಲಿನಲ್ಲಿ ಒಟ್ಟಿಗೆ ಕುಣಿಯಲು ಕಲಿತವರು ರಣರಂಗದಲ್ಲಿ ಎದುರುಬದುರಾಗಿದ್ದರು.

1984ರಿಂದ ಗಡಿ ದಾಟಿ ಬಂದ ಸಾವಿರಾರು ನಿರಾಶ್ರಿತರು ಥಾಯ್ಲೆಂಡ್‌ನ ಮೇ ಲಾ ಮೊದಲಾದ ಶಿಬಿರಗಳಲ್ಲಿ ಆಸರೆ ಪಡೆದರು. 2005ರ ನಂತರ ಅನೇಕರು ಅಮೆರಿಕಕ್ಕೆ ಹೋಗಿ ಮಿನ್ನೆಸೋಟಾದ ಸೇಂಟ್ ಪಾಲ್ ನಗರದಂಥ ಕಡೆ ನೆಲೆಸಿದರು. ಅಲ್ಲೆಲ್ಲ ಹೊಸ ವರ್ಷ ಬಂದರೆ ದೋನ್ ಸಾಲು ಕಟ್ಟುತ್ತದೆ.

ಆದರೆ ಊರೇ ಕೈಬಿಟ್ಟ ಮೇಲೆ ಊರಿನವರ ತಪ್ಪನ್ನು ಹಾಡಿ ತಿದ್ದುವುದೆಂತು? ನೃತ್ಯದ ಹೊಣೆ ಬದಲಾಗಿದೆ. ಹಿಂದೆ ಅದು ಹಳ್ಳಿಗರಿಗೆ ಹೇಗೆ ಬಾಳಬೇಕೆಂದು ಹೇಳುತ್ತಿತ್ತು. ಈಗ ಪರದೇಶದಲ್ಲಿ ಹುಟ್ಟಿದ ಮಕ್ಕಳಿಗೆ ತಾವು ಯಾರೆಂಬುದನ್ನು ಹೇಳಿಕೊಡಬೇಕಾಗಿದೆ.