ನಮ್ಮ ಜೇಬಿನಲ್ಲಿ ಯಾರದೋ ಬಿಲ್ಲೆ

ಜಾತ್ರೆಯಲ್ಲಿ, ಉರುಸಿನಲ್ಲಿ ಚಪ್ಪಲಿ ಕಾಯುವವನು ನಮ್ಮ ಕೈಗೊಂದು ತಗಡಿನ ಬಿಲ್ಲೆ ಕೊಡುತ್ತಾನೆ. ಅದರ ಮೇಲೊಂದು ಸಂಖ್ಯೆ. ಆತ ನಮ್ಮ ಹೆಸರು ಕೇಳುವುದಿಲ್ಲ, ಊರು ಕೇಳುವುದಿಲ್ಲ. ಮರಳಿ ಬಂದು ಬಿಲ್ಲೆ ಕೊಟ್ಟರೆ ಚಪ್ಪಲಿ ನಮ್ಮ ಕಾಲಿಗೆ, ಬಿಲ್ಲೆ ಅವನ ಪೆಟ್ಟಿಗೆಗೆ. ಅಲ್ಲಿಗೆ ವ್ಯವಹಾರ ಮುಗಿಯಿತು. ಆದರೆ ಆ ಬಿಲ್ಲೆ ನಮಗೆ ಗೊತ್ತಿಲ್ಲದೆಯೇ ವರ್ಷಗಟ್ಟಲೆ ನಮ್ಮ ಜೇಬಿನಲ್ಲಿ ಉಳಿದುಬಿಟ್ಟರೆ? ನಾವು ಔಷಧಿ ಅಂಗಡಿಗೆ ಹೋದಾಗ, ಪುಸ್ತಕದಂಗಡಿಗೆ ಹೋದಾಗ, ವಕೀಲರ ಮನೆಗೆ ಹೋದಾಗ, ಬಾಗಿಲಲ್ಲಿ ನಿಂತ ಯಾರೋ ಒಬ್ಬ ಆ ಸಂಖ್ಯೆಯನ್ನು ನೋಡಿ ಬರೆದುಕೊಳ್ಳುತ್ತಾ ಹೋದರೆ? ಅಂತರ್ಜಾಲದಲ್ಲಿ ‘ಕುಕೀ’ ಎಂದು ಕರೆಯಲಾಗುವ ವಸ್ತುವಿನ ಮೂವತ್ತು ವರ್ಷಗಳ ಚರಿತ್ರೆಯನ್ನು ಇದಕ್ಕಿಂತ ಸರಳವಾಗಿ ಹೇಳುವುದು ಕಷ್ಟ.

ಕುಕೀ ಎಂಬ ಪದವನ್ನು ನಾವು ಮೊದಲು ಕೇಳಿದ್ದು ನಮ್ಮೂರಿನ ಸೈಬರ್ ಸೆಂಟರೊಂದರಲ್ಲಿ. ಪತ್ರಿಕೆಯೊಂದಕ್ಕೆ ಕಥೆ ಕಳುಹಿಸಲೆಂದು ಹೋಗಿ ಕುಳಿತು ಇ-ಮೇಲ್ ತಾಣವನ್ನು ತೆರೆದರೆ, ನಮ್ಮ ಹೆಸರನ್ನೂ ಗುಪ್ತಪದವನ್ನೂ ಕೇಳುವ ಬದಲು ಅಪರಿಚಿತರೊಬ್ಬರ ಅಂಚೆಪೆಟ್ಟಿಗೆಯೇ ತೆರೆದುಕೊಂಡಿತು. ಮೇಲಿನ ಸಾಲಿನಲ್ಲೇ ಮಗಳ ಮದುವೆ ಖರ್ಚಿನ ಕುರಿತು ದುಬೈಯಿಂದ ಬಂದ ಪತ್ರ. ನಾವು ಗಾಬರಿಯಿಂದ ಹುಡುಗನನ್ನು ಕರೆದೆವು. ಆತ ನಗುತ್ತಾ, “ಹಿಂದೆ ಕೂತವರು ಲಾಗೌಟ್ ಮಾಡಿಲ್ಲ ಸಾರ್, ಕುಕೀ ಹಾಗೇ ಉಳಿದಿದೆ” ಎಂದು ಎರಡು ಗುಂಡಿ ಒತ್ತಿ ಎಲ್ಲವನ್ನೂ ಅಳಿಸಿಹಾಕಿದ. ಆ ಮನುಷ್ಯ ಎದ್ದು ಹೋಗಿದ್ದರೂ ಕಂಪ್ಯೂಟರು ಅವರನ್ನು ಮರೆತಿರಲಿಲ್ಲ. ಯಂತ್ರಕ್ಕೆ ಈ ನೆನಪು ಬಂದದ್ದು ಎಲ್ಲಿಂದ ಎಂಬ ಕುತೂಹಲ ಅಂದು ಹುಟ್ಟಿತು.

ಮರೆಗುಳಿಗೆ ನೆನಪು ಕೊಟ್ಟವರು

ನಿಜ ಹೇಳಬೇಕೆಂದರೆ ಟಿಮ್ ಬರ್ನರ್ಸ್-ಲೀ ಅವರು ರೂಪಿಸಿದ ವಿಶ್ವವ್ಯಾಪಿ ಜಾಲ ಹುಟ್ಟುಮರೆಗುಳಿಯಾಗಿತ್ತು. ನಮ್ಮ ಬ್ರೌಸರ್ ಒಂದು ಪುಟವನ್ನು ಕೇಳುತ್ತದೆ, ದೂರದ ಸರ್ವರ್ ಅದನ್ನು ಕೊಡುತ್ತದೆ, ಮರುಕ್ಷಣವೇ ಮರೆಯುತ್ತದೆ. ಅದೇ ವ್ಯಕ್ತಿ ಎರಡನೇ ಪುಟ ಕೇಳಿದರೆ ಆತ ಹೊಸಬ. ಓದುವವರಿಗೆ ಇದರಿಂದ ಯಾವ ತೊಂದರೆಯೂ ಇರಲಿಲ್ಲ. ತೊಂದರೆ ಆದದ್ದು ವ್ಯಾಪಾರಿಗೆ. ಗಿರಾಕಿ ಒಂದು ವಸ್ತುವನ್ನು ಆರಿಸಿ ಇನ್ನೊಂದರ ಪುಟಕ್ಕೆ ಹೋಗುವಷ್ಟರಲ್ಲಿ ಅಂಗಡಿಯವನು ಮೊದಲನೆಯದನ್ನು ಮರೆತರೆ ವ್ಯಾಪಾರ ನಡೆಯುವುದು ಹೇಗೆ?

1994ರಲ್ಲಿ ಈ ಪ್ರಶ್ನೆ ಅಮೆರಿಕದ ನೆಟ್‌ಸ್ಕೇಪ್ ಕಂಪೆನಿಯ ಮುಂದೆ ಬಂತು. ಎಂಸಿಐ ಎಂಬ ದೂರವಾಣಿ ಕಂಪೆನಿಗಾಗಿ ಅದು ಆನ್‌ಲೈನ್ ಮಾರಾಟದ ವ್ಯವಸ್ಥೆಯೊಂದನ್ನು ಸಿದ್ಧಪಡಿಸುತ್ತಿತ್ತು. ಗಿರಾಕಿಗಳ ಅರ್ಧಂಬರ್ಧ ವ್ಯವಹಾರಗಳನ್ನೆಲ್ಲ ತನ್ನ ಯಂತ್ರಗಳಲ್ಲಿ ಕೂಡಿಡಲು ಎಂಸಿಐಗೆ ಇಷ್ಟವಿರಲಿಲ್ಲ. ಆಗ ಲೂ ಮೊಂಟುಲಿ ಎಂಬ ಯುವ ಎಂಜಿನಿಯರ್ ಒಂದು ಉಪಾಯ ಕಂಡುಕೊಂಡರು. ನೆನಪನ್ನು ಅಂಗಡಿಯಲ್ಲಿ ಇಡುವುದೇಕೆ, ಗಿರಾಕಿಯ ಯಂತ್ರದಲ್ಲೇ ಇಟ್ಟರಾಯಿತು! ಸರ್ವರ್ ಒಂದು ಚಿಕ್ಕ ಚೀಟಿ ಕೊಡುತ್ತದೆ, ಬ್ರೌಸರ್ ಅದನ್ನು ಇಟ್ಟುಕೊಂಡು ಮುಂದಿನ ಸಲ ಹೋದಾಗ ತೋರಿಸುತ್ತದೆ. ಯುನಿಕ್ಸ್ ಪ್ರೋಗ್ರಾಮರುಗಳ ನಡುವೆ ಇಂಥ ಗುರುತುಚೀಟಿಗೆ ‘ಮ್ಯಾಜಿಕ್ ಕುಕೀ’ ಎಂಬ ಹೆಸರು ಮೊದಲೇ ಇತ್ತು. ಹೆಸರೂ ಅಲ್ಲಿಂದಲೇ ಬಂತು. ಮೊಂಟುಲಿ ಮತ್ತು ಜಾನ್ ಜಿಯಾನಾಂಡ್ರಿಯಾ ಸೇರಿ ಇದರ ಮೊದಲ ನಿಯಮಾವಳಿಯನ್ನು ಬರೆದರು. 1994ರ ಅಕ್ಟೋಬರ್‌ನಲ್ಲಿ ಹೊರಬಂದ ನೆಟ್‌ಸ್ಕೇಪ್ ಬ್ರೌಸರ್‌ನ ಪ್ರಾಯೋಗಿಕ ಆವೃತ್ತಿಯಲ್ಲೇ ಕುಕೀ ಇತ್ತು. ಮರುವರ್ಷ ಮೈಕ್ರೋಸಾಫ್ಟ್ ಕೂಡ ತನ್ನ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ಗೆ ಅದನ್ನು ಸೇರಿಸಿತು.

ಇಲ್ಲೊಂದು ತಪ್ಪುಕಲ್ಪನೆಯನ್ನು ನಿವಾರಿಸಬೇಕು. ಕುಕೀ ಎಂದರೆ ವೈರಸ್ ಅಲ್ಲ, ಅದು ಪ್ರೋಗ್ರಾಮ್ ಕೂಡ ಅಲ್ಲ. ಅದು ಕೆಲವು ಅಕ್ಷರ-ಅಂಕೆಗಳ ಒಂದು ತುಣುಕು. ಒಂದು ಕುಕೀ ಹೆಚ್ಚೆಂದರೆ ಸುಮಾರು 4 ಕಿಲೋಬೈಟ್‌ಗಳಷ್ಟು. ಅದು ನಮ್ಮ ಕಂಪ್ಯೂಟರಿನಲ್ಲಿರುವ ಫೋಟೋಗಳನ್ನು ನೋಡಲಾರದು, ಕಡತಗಳನ್ನು ಓದಲಾರದು. ಬ್ರೌಸರ್ ಮುಚ್ಚಿದೊಡನೆ ಅಳಿಯುವ ಕುಕೀಗಳಿವೆ, ತಿಂಗಳುಗಟ್ಟಲೆ ಉಳಿಯುವ ಕುಕೀಗಳೂ ಇವೆ. ಇಂದು ನಾವು ರೈಲಿನ ಟಿಕೆಟ್ ಕಾದಿರಿಸುವಾಗ ಪುಟದಿಂದ ಪುಟಕ್ಕೆ ಹೋದರೂ ತಾಣ ನಮ್ಮನ್ನು ಗುರುತಿಸುವುದು ಇಂಥ ಚೀಟಿಗಳಿಂದಲೇ.

ಅಷ್ಟೇ ಅಲ್ಲ, ದುರುಪಯೋಗದ ಭಯ ಮೊಂಟುಲಿಯವರಿಗೂ ಇತ್ತು. ಪ್ರತಿಯೊಂದು ಬ್ರೌಸರಿಗೂ ಒಂದು ಶಾಶ್ವತ ಸಂಖ್ಯೆ ಕೊಟ್ಟುಬಿಡೋಣ ಎಂಬ ಸಲಹೆಯೂ ಅಂದು ಇತ್ತು. ಆ ಸಂಖ್ಯೆ ಇದ್ದರೆ ಒಬ್ಬ ಮನುಷ್ಯ ಎಲ್ಲೆಲ್ಲಿ ಹೋದ ಎಂಬುದನ್ನು ಎಲ್ಲರೂ ಹಿಂಬಾಲಿಸಬಹುದೆಂದು ಅವರು ಅದನ್ನು ಒಪ್ಪಲಿಲ್ಲ. ಯಾವ ತಾಣ ಚೀಟಿ ಕೊಟ್ಟಿತೋ ಆ ತಾಣ ಮಾತ್ರ ಅದನ್ನು ಮರಳಿ ನೋಡಬೇಕು ಎಂಬ ನಿಯಮ ಮಾಡಿದರು. ಬಾಗಿಲು ಭದ್ರವಾಗಿಯೇ ಇತ್ತು. ಆದರೆ ಕಿಟಕಿಯೊಂದು ತೆರೆದುಕೊಂಡಿತ್ತು.

ಕಿಟಕಿಯಿಂದ ಬಂದ ಮೂರನೆಯವನು

ನಾವು ಒಂದು ಪತ್ರಿಕೆಯ ತಾಣವನ್ನು ತೆರೆದಾಗ ಆ ಪುಟದಲ್ಲಿ ಕಾಣುವುದೆಲ್ಲ ಆ ಪತ್ರಿಕೆಯದೇ ಆಗಿರಬೇಕಿಲ್ಲ. ಮೂಲೆಯ ಜಾಹೀರಾತು ಬೇರೊಂದು ಕಂಪೆನಿಯ ಸರ್ವರಿನಿಂದ ಬಂದಿರುತ್ತದೆ. ಜಾಹೀರಾತಿನ ಜೊತೆಗೆ ಆ ಕಂಪೆನಿಯೂ ತನ್ನದೊಂದು ಚೀಟಿಯನ್ನು ನಮ್ಮ ಯಂತ್ರದಲ್ಲಿ ಇಡುತ್ತದೆ. ನಾವು ಆ ಕಂಪೆನಿಯ ಹೆಸರನ್ನೂ ಕೇಳಿರುವುದಿಲ್ಲ. ಮಧ್ಯಾಹ್ನ ನಾವು ಸಕ್ಕರೆ ಕಾಯಿಲೆಯ ಮಾಹಿತಿ ಹುಡುಕುತ್ತೇವೆ, ಆ ಪುಟದಲ್ಲೂ ಅದೇ ಕಂಪೆನಿಯ ಜಾಹೀರಾತು. ಸಂಜೆ ಸಾಲದ ಬಡ್ಡಿದರ ನೋಡುತ್ತೇವೆ, ಅಲ್ಲಿಯೂ ಅದೇ. ಪ್ರತಿ ಸಲವೂ ನಮ್ಮ ಬ್ರೌಸರ್ ವಿಧೇಯತೆಯಿಂದ ಅದೇ ಚೀಟಿಯನ್ನು ತೋರಿಸುತ್ತದೆ, ಯಾವ ಪುಟದಿಂದ ಬಂದೆವೆಂಬುದನ್ನೂ ಸಾಮಾನ್ಯವಾಗಿ ಹೇಳುತ್ತದೆ. ಚೀಟಿ ಕೊಟ್ಟವನೇ ಅದನ್ನು ನೋಡುತ್ತಿದ್ದಾನೆ, ನಿಯಮ ಮುರಿದಿಲ್ಲ. ಆದರೆ ಬೆಳಗಿನ ಸುದ್ದಿ, ಮಧ್ಯಾಹ್ನದ ಕಾಯಿಲೆ, ಸಂಜೆಯ ಸಾಲ ಮೂರೂ ಒಂದೇ ಖಾತೆಯಲ್ಲಿ ಸೇರಿಬಿಟ್ಟವು. ಇದಕ್ಕೆ ‘ಮೂರನೆಯವರ ಕುಕೀ’ ಎನ್ನುತ್ತಾರೆ.

ಇಷ್ಟೆಲ್ಲ ನಡೆಯುತ್ತಿದ್ದರೂ ಜನರಿಗೆ ತಿಳಿದಿರಲಿಲ್ಲ. ಮೊದಲ ಬ್ರೌಸರುಗಳು ಚೀಟಿ ಪಡೆಯುವಾಗ ಯಾರನ್ನೂ ಕೇಳುತ್ತಿರಲಿಲ್ಲ. 1996ರ ಫೆಬ್ರವರಿಯಲ್ಲಿ ಲಂಡನ್ನಿನ ‘ಫೈನಾನ್ಷಿಯಲ್ ಟೈಮ್ಸ್’ ಪತ್ರಿಕೆ ಬರೆದ ನಂತರವೇ ವಿಷಯ ಸಾರ್ವಜನಿಕ ಚರ್ಚೆಗೆ ಬಂತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1996 ಮತ್ತು 1997ರಲ್ಲಿ ಇದರ ಕುರಿತು ವಿಚಾರಣೆಗಳನ್ನು ನಡೆಸಿತು.

ತಪ್ಪಿಹೋದ ತಿರುವು

ನಮ್ಮ ದೃಷ್ಟಿಯಲ್ಲಿ ಈ ಚರಿತ್ರೆಯ ಮುಖ್ಯ ವರ್ಷ 1994 ಅಲ್ಲ, 1997. ಅಂತರ್ಜಾಲದ ತಾಂತ್ರಿಕ ನಿಯಮಗಳನ್ನು ರೂಪಿಸುವ ಐಇಟಿಎಫ್ ಎಂಬ ತಜ್ಞರ ಸಂಘಟನೆ ಆ ವರ್ಷದ ಫೆಬ್ರವರಿಯಲ್ಲಿ ಕುಕೀಗಳ ಕುರಿತು ತನ್ನ ಮೊದಲ ದಸ್ತಾವೇಜನ್ನು ಪ್ರಕಟಿಸಿತು. ಅದನ್ನು ಬರೆದವರು ಡೇವಿಡ್ ಕ್ರಿಸ್ಟಲ್ ಮತ್ತು ಅದೇ ಲೂ ಮೊಂಟುಲಿ. ಬಳಕೆದಾರ ತಾನಾಗಿ ಬೇಕೆಂದು ಹೇಳದ ಹೊರತು ಬ್ರೌಸರ್ ಮೂರನೆಯವರ ಕುಕೀಗಳನ್ನು ಸ್ವೀಕರಿಸಬಾರದು ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳಲಾಗಿತ್ತು. ಮೊದಲು ಕೇಳಿ, ಆಮೇಲೆ ಇಡಿ. ಅಷ್ಟೇ.

ಜಾಹೀರಾತು ಕಂಪೆನಿಗಳು ಇದನ್ನು ವಿರೋಧಿಸಿದವು. ಅಂದಿನ ಎರಡು ದೊಡ್ಡ ಬ್ರೌಸರ್ ಕಂಪೆನಿಗಳಾದ ನೆಟ್‌ಸ್ಕೇಪ್ ಮತ್ತು ಮೈಕ್ರೋಸಾಫ್ಟ್ ಆ ಸಲಹೆಯನ್ನು ಪಾಲಿಸಲಿಲ್ಲ. ಈ ನಿರ್ಧಾರದ ಮೇಲೆ ಎಲ್ಲಿಯೂ ಮತದಾನ ನಡೆಯಲಿಲ್ಲ, ಯಾವ ಸಂಸತ್ತಿನಲ್ಲೂ ಮಸೂದೆ ಬರಲಿಲ್ಲ. ಆದರೂ ಕೋಟ್ಯಂತರ ಜನರ ಖಾಸಗಿ ಬದುಕಿನ ಮೇಲೆ ಅದು ಯಾವ ಕಾಯ್ದೆಗೂ ಕಡಿಮೆಯಿಲ್ಲದ ಪರಿಣಾಮ ಬೀರಿತು. ಏಕೆಂದರೆ ಹೆಚ್ಚಿನವರು ಯಂತ್ರವನ್ನು ಕೊಟ್ಟ ಹಾಗೆಯೇ ಬಳಸುತ್ತಾರೆ. ಒಳಗಿನ ಗುಂಡಿಗಳನ್ನು ತಿರುಗಿಸಿ ನೋಡುವವರು ಎಷ್ಟು ಮಂದಿ?

ಆ ತೆರೆದ ದಾರಿಯಲ್ಲಿ ಡಬಲ್‌ಕ್ಲಿಕ್‌ನಂಥ ಜಾಹೀರಾತು ಕಂಪೆನಿಗಳು ಬೆಳೆದವು. 1999ರಲ್ಲಿ ಡಬಲ್‌ಕ್ಲಿಕ್, ಜನರ ಹೆಸರು-ವಿಳಾಸ ಸಹಿತ ಖರೀದಿಯ ವಿವರಗಳನ್ನು ಸಂಗ್ರಹಿಸುತ್ತಿದ್ದ ಅಬ್ಯಾಕಸ್ ಡೈರೆಕ್ಟ್ ಎಂಬ ಸಂಸ್ಥೆಯನ್ನು ಕೊಂಡುಕೊಂಡಿತು. ಬಿಲ್ಲೆಯ ಸಂಖ್ಯೆಗೆ ಮನುಷ್ಯನ ಹೆಸರು ಅಂಟಿಸುವ ಹುನ್ನಾರವಿದು ಎಂದು ಕೂಗೆದ್ದಾಗ 2000ದ ಮಾರ್ಚ್‌ನಲ್ಲಿ ಅದು ಹಿಂದೆ ಸರಿಯಿತು. 2008ರಲ್ಲಿ ಗೂಗಲ್ ಆ ಡಬಲ್‌ಕ್ಲಿಕ್ಕನ್ನೇ 310 ಕೋಟಿ ಡಾಲರ್ ಕೊಟ್ಟು ತನ್ನದಾಗಿಸಿಕೊಂಡಿತು. ಬಿಟ್ಟಿಯಾಗಿ ಸಿಗುತ್ತದೆಂದು ನಾವು ಬಳಸುವ ಎಷ್ಟೋ ಸೇವೆಗಳ ಬೆಲೆ ಎಲ್ಲಿಂದ ವಸೂಲಾಗುತ್ತದೆ ಎಂಬುದಕ್ಕೆ ಈ ಮೊತ್ತವೇ ಉತ್ತರ. ಆಪಲ್‌ನ ಸಫಾರಿ ಬ್ರೌಸರ್‌ನಲ್ಲಿದ್ದ ತಡೆಯನ್ನು ದಾಟಿ ಕುಕೀ ಇಟ್ಟ ಆರೋಪಕ್ಕಾಗಿ ಅದೇ ಗೂಗಲ್ 2012ರಲ್ಲಿ ಅಮೆರಿಕದಲ್ಲಿ 2.25 ಕೋಟಿ ಡಾಲರ್ ದಂಡ ತೆರಲು ಒಪ್ಪಬೇಕಾಯಿತು.

ತಡವಾಗಿ ಕೇಳಿದ ಅನುಮತಿ

ಯುರೋಪಿನ ಒಕ್ಕೂಟ 2002ರಲ್ಲಿ ಈ ಕುರಿತು ನಿರ್ದೇಶನವೊಂದನ್ನು ಹೊರಡಿಸಿ, 2009ರ ತಿದ್ದುಪಡಿಯಲ್ಲಿ ಮುಂಚಿತ ಒಪ್ಪಿಗೆಯನ್ನು ಕಡ್ಡಾಯಗೊಳಿಸಿತು. ಬುಟ್ಟಿಯಲ್ಲಿನ ವಸ್ತುಗಳನ್ನು ನೆನಪಿಡುವಂಥ ಅಗತ್ಯದ ಕುಕೀಗಳಿಗೆ ಮಾತ್ರ ವಿನಾಯಿತಿ. 2018ರ ಮೇ 25ರಂದು ಜಾರಿಗೆ ಬಂದ ‘ಜಿಡಿಪಿಆರ್’ ಕಾನೂನು ಒಪ್ಪಿಗೆಯ ಅರ್ಥವನ್ನು ಇನ್ನಷ್ಟು ಬಿಗಿಗೊಳಿಸಿತು. ಆರೋಗ್ಯ, ಧರ್ಮ, ರಾಜಕೀಯ ಅಭಿಪ್ರಾಯಗಳ ಮಾಹಿತಿಗೆ ಅದು ವಿಶೇಷ ರಕ್ಷಣೆ ನೀಡಿದೆ. ಜಾಲತಾಣ ತೆರೆದೊಡನೆ ಅಡ್ಡಬರುವ ಆ ಪ್ರಶ್ನೆಯ ಪಟ್ಟಿ ನಮ್ಮ ಪರದೆಗಳಿಗೂ ಬಂದದ್ದು ಅಲ್ಲಿಂದ.

ಆದರೆ ಕೇಳುವುದರಲ್ಲೂ ಬಗೆಗಳಿವೆ. ಒಪ್ಪುವ ಗುಂಡಿ ದೊಡ್ಡದಾಗಿ, ಬಣ್ಣಬಣ್ಣವಾಗಿ ಕಣ್ಣಮುಂದೆ. ನಿರಾಕರಿಸುವುದಕ್ಕೆ ಮೂರು ಪುಟ ಒಳಗೆ ಹೋಗಬೇಕು. ಅವಸರದಲ್ಲಿರುವ ಮನುಷ್ಯ ಏನು ಮಾಡುತ್ತಾನೆ? ಒತ್ತಿಬಿಡುತ್ತಾನೆ. ಮೊದಲೇ ಗುರುತು ಹಾಕಿಟ್ಟ ಚೌಕ ಒಪ್ಪಿಗೆಯಾಗದು ಎಂದು ಯುರೋಪಿನ ನ್ಯಾಯಾಲಯ 2019ರ ಅಕ್ಟೋಬರ್‌ನಲ್ಲಿ ತೀರ್ಪಿತ್ತಿತು. ಒಪ್ಪುವಷ್ಟು ಸುಲಭವಾಗಿ ನಿರಾಕರಿಸಲು ಬಿಡಲಿಲ್ಲವೆಂದು ಫ್ರಾನ್ಸಿನ ಮಾಹಿತಿ ರಕ್ಷಣಾ ಸಂಸ್ಥೆ 2022ರ ಜನವರಿಯಲ್ಲಿ ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ವಿಧಿಸಿತು.

ಇತ್ತ 2020ರ ಹೊತ್ತಿಗೆ ಸಫಾರಿ ಮೂರನೆಯವರ ಕುಕೀಗಳನ್ನು ಪೂರ್ತಿಯಾಗಿ ತಡೆಯಿತು. ಫೈರ್‌ಫಾಕ್ಸ್ ಬ್ರೌಸರ್ 2019ರಲ್ಲೇ ಹಿಂಬಾಲಿಸುವ ಕುಕೀಗಳಿಗೆ ತಡೆ ಹಾಕಿತ್ತು. ತನ್ನ ಕ್ರೋಮ್ ಬ್ರೌಸರಿನಿಂದಲೂ ಎರಡು ವರ್ಷಗಳಲ್ಲಿ ಅವುಗಳನ್ನು ತೆಗೆಯುವುದಾಗಿ ಗೂಗಲ್ 2020ರಲ್ಲಿ ಘೋಷಿಸಿತು. ಗಡುವನ್ನು ಮತ್ತೆ ಮತ್ತೆ ಮುಂದೂಡಿ, 2024ರ ಜುಲೈಯಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಬ್ರೌಸರ್ ಮಾಡುವವನೂ ಜಾಹೀರಾತಿನಿಂದ ಬದುಕುವವನೂ ಒಬ್ಬನೇ ಆದಾಗ ಬೇರೇನನ್ನು ನಿರೀಕ್ಷಿಸಲು ಸಾಧ್ಯ?

ನಮ್ಮ ಭಾಷೆಯಲ್ಲಿ ಕೇಳಲಿ

ನಮ್ಮ ದೇಶದಲ್ಲಿ ಈ ಚರ್ಚೆಗೆ ನೆಲೆ ಒದಗಿಸಿದ ಮೊಕದ್ದಮೆಗೆ ಒಬ್ಬ ಕನ್ನಡಿಗರ ಹೆಸರಿದೆ ಎಂಬುದು ಹೆಮ್ಮೆಯ ವಿಷಯ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರ ವಯಸ್ಸು ಎಂಬತ್ತು ದಾಟಿತ್ತು. ಖಾಸಗಿತನ ಪ್ರತಿಯೊಬ್ಬರ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. 2023ರಲ್ಲಿ ವೈಯಕ್ತಿಕ ಡಿಜಿಟಲ್ ಮಾಹಿತಿ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ, ಮುಖ್ಯ ಹೊಣೆಗಳ ಜಾರಿಗೆ ಅಲ್ಲಿಂದ 18 ತಿಂಗಳ ಅವಧಿ.

ಒಪ್ಪಿಗೆ ಮುಕ್ತವಾಗಿರಬೇಕು, ಸ್ಪಷ್ಟವಾಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು ಎನ್ನುತ್ತದೆ ಈ ಕಾಯ್ದೆ. ಯಾವ ಮಾಹಿತಿ, ಯಾವ ಉದ್ದೇಶಕ್ಕೆ ಎಂಬ ತಿಳಿವಳಿಕೆ ಪತ್ರವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ಕೊಡಬೇಕೆಂದೂ ಹೇಳುತ್ತದೆ. ಆ ಪಟ್ಟಿಯಲ್ಲಿ ಕನ್ನಡವೂ ಇದೆ, ಉರ್ದುವೂ ಇದೆ. ಆದರೆ ಯುರೋಪಿನಂತೆ ಆರೋಗ್ಯಕ್ಕೋ ಧರ್ಮಕ್ಕೋ ಸಂಬಂಧಿಸಿದ ಮಾಹಿತಿಗೆ ಪ್ರತ್ಯೇಕ ರಕ್ಷಣೆಯ ವರ್ಗವನ್ನು ಅದು ಮಾಡಿಲ್ಲ. ಒಬ್ಬ ವ್ಯಕ್ತಿ ಯಾವ ಕಾಯಿಲೆಯನ್ನು ಹುಡುಕಿದ, ಯಾವ ಪ್ರಾರ್ಥನೆಯ ವೇಳಾಪಟ್ಟಿ ನೋಡಿದ ಎಂಬುದು ಅವನ ಚಪ್ಪಲಿಯ ಅಳತೆಯಷ್ಟೇ ಸಾಮಾನ್ಯ ವಿಷಯವೆ? ಈ ಪ್ರಶ್ನೆ ಒಂದು ಸಮುದಾಯದ್ದಲ್ಲ, ಎಲ್ಲರದು.

ಹಾಗೆಂದು ಭಯಪಟ್ಟು ಅಂತರ್ಜಾಲವನ್ನೇ ಬಿಡಬೇಕಾಗಿಲ್ಲ. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಮೂರನೆಯವರ ಕುಕೀಗಳನ್ನು ತಡೆಯಬಹುದು, ಆಗಾಗ ಹಳೆಯವನ್ನು ಅಳಿಸಬಹುದು. ಬೇರೆಯವರ ಯಂತ್ರ ಬಳಸಿದಾಗ ಮರೆಯದೆ ಲಾಗೌಟ್ ಆಗಬಹುದು. ಅಡ್ಡಬರುವ ಪ್ರಶ್ನೆಗೆ ಅರ್ಧ ನಿಮಿಷ ಖರ್ಚು ಮಾಡಿ ‘ಬೇಡ’ ಎನ್ನಬಹುದು. ಹೆಚ್ಚಿನ ತಾಣಗಳು ಆಮೇಲೂ ಸರಿಯಾಗಿಯೇ ನಡೆಯುತ್ತವೆ. ಹಿಂಬಾಲಿಸುವವರಿಗೆ ಬೇರೆ ದಾರಿಗಳೂ ಇವೆ ಎಂಬುದು ನಿಜ. ಮೊಬೈಲ್ ಆ್ಯಪ್‌ಗಳಿಗೆ ಕುಕೀಯೇ ಬೇಕಾಗಿಲ್ಲ, ಫೋನಿನಲ್ಲೇ ಜಾಹೀರಾತಿಗೆಂದು ಒಂದು ಗುರುತುಸಂಖ್ಯೆ ಇರುತ್ತದೆ.

ಉರ್ದು ಶಾಲೆಯಲ್ಲಿ ಕಲಿಯುವಾಗ ತರಗತಿಯ ಬಾಗಿಲಲ್ಲಿ ನಿಂತು ‘ಇಜಾಜತ್’ ಕೇಳುವುದು ನಮಗೆ ರೂಢಿಯಾಗಿತ್ತು. ಮೇಷ್ಟ್ರು ತಲೆಯೆತ್ತಿ ನೋಡುವವರೆಗೆ ಹೊಸ್ತಿಲು ದಾಟುವಂತಿರಲಿಲ್ಲ. ಒಳಗೆ ಬಂದು ಕುಳಿತ ಮೇಲೆ ಕೇಳಿದರೆ ಅದಕ್ಕೆ ಇಜಾಜತ್ ಎನ್ನುತ್ತಿರಲಿಲ್ಲ. 1997ರಲ್ಲಿ ಆ ಇಬ್ಬರು ಎಂಜಿನಿಯರುಗಳು ಬರೆದದ್ದೂ ಇದನ್ನೇ. ಅಂದು ಅವರ ಮಾತು ನಡೆಯಲಿಲ್ಲ. ಈಗ ಅದೇ ಮಾತು ನಮ್ಮ ದೇಶದ ಕಾಯ್ದೆಯಲ್ಲಿ ಬಂದು ಕುಳಿತಿದೆ. ಇನ್ನು ಬಾಗಿಲಲ್ಲಿ ನಿಂತವನು ಕನ್ನಡದಲ್ಲಿ ಕೇಳುವಂತೆ ಮಾಡುವುದು, ನಮಗೆ ಬೇಡವಾದಾಗ ಬೇಡ ಎನ್ನುವುದು ನಮ್ಮ ಕೆಲಸ.