ಕಡ್ಡಿ ಕೇಳದ ಬಟಾಣಿ

ಮೆಂಡೆಲ್ಲರ ಬಟಾಣಿ ಲೆಕ್ಕ ಹೈಸ್ಕೂಲು ದಾಟಿದವರಿಗೆಲ್ಲ ಗೊತ್ತು. ಎರಡನೆಯ ಪೀಳಿಗೆಯಲ್ಲಿ 787 ಎತ್ತರದ ಗಿಡಗಳು, 277 ಗಿಡ್ಡ ಗಿಡಗಳು, ಹೆಚ್ಚುಕಡಿಮೆ 3:1. ಆದರೆ 1866ರ ಅದೇ ಪ್ರಬಂಧದಲ್ಲಿರುವ ಇನ್ನೊಂದು ವಿವರವನ್ನು ಪಾಠ ಹೇಳುವವರು ಸಾಮಾನ್ಯವಾಗಿ ದಾಟಿಬಿಡುತ್ತಾರೆ. ಬ್ರನೋ ಪಟ್ಟಣದ ಮಠದ ಕೈತೋಟದಲ್ಲಿ ಗಿಡಗಳು ನೆಟ್ಟಗೆ ನಿಲ್ಲಲೆಂದು ಕೋಲು, ಮರದ ರೆಂಬೆ, ಬಿಗಿದು ಕಟ್ಟಿದ ದಾರ ಮೂರನ್ನೂ ಬಳಸಿದ್ದಾಗಿ ಮೆಂಡೆಲ್ ಬರೆದಿದ್ದಾರೆ. ಎತ್ತರದ ತಳಿ ಆರೇಳು ಅಡಿ ಏರುತ್ತಿತ್ತು, ಗಿಡ್ಡ ತಳಿ ಮುಕ್ಕಾಲರಿಂದ ಒಂದೂವರೆ ಅಡಿಗೆ ನಿಲ್ಲುತ್ತಿತ್ತು. ಒಟ್ಟು 34 ತಳಿಗಳ ಬೀಜವನ್ನು ಅವರು ವ್ಯಾಪಾರಿಗಳಿಂದಲೇ ತರಿಸಿದ್ದರು. ಅಂದರೆ 1850ರ ದಶಕದಲ್ಲಿ ಎರಡು ಬಗೆಯ ಬಟಾಣಿಗೂ ಪೇಟೆಯಲ್ಲಿ ಜಾಗವಿತ್ತು. ಆಮೇಲಿನ ನೂರು ವರ್ಷಗಳಲ್ಲಿ ಗಿಡ್ಡದ್ದೇ ಗೆದ್ದಿತು. ಆ ಗೆಲುವಿಗೆ ರುಚಿಯಾಗಲಿ ಇಳುವರಿಯಾಗಲಿ ಮುಖ್ಯ ಕಾರಣವಲ್ಲ, ಕಡ್ಡಿ ಒದಗಿಸುತ್ತಿದ್ದ ಕಾಡು ಮತ್ತು ಅದನ್ನು ನೆಡುತ್ತಿದ್ದ ಕೈಗಳು ಇಲ್ಲವಾದದ್ದೇ ಕಾರಣ ಎಂಬುದು ನನ್ನ ವಾದ.

ಬಟಾಣಿಗೆ ಯಾವ ಆಸರೆಯಾದರೂ ಆದೀತು ಎಂದುಕೊಳ್ಳುವುದು ತಪ್ಪು. ನಮ್ಮ ಚಪ್ಪರದವರೆಯ ಕಾಂಡವೇ ಗೂಟಕ್ಕೆ ಸುತ್ತಿಕೊಂಡು ಏರುತ್ತದೆ, ಅದಕ್ಕೆ ದಪ್ಪ ಬಿದಿರೂ ಸೈ. ಬಟಾಣಿಯ ಕಾಂಡ ಹಾಗೆ ಸುತ್ತುವುದಿಲ್ಲ. ಅದರ ಎಲೆಯ ತುದಿಯ ಕಿರುಎಲೆಗಳೇ ಮಾರ್ಪಟ್ಟು ನೂಲಿನಂಥ ಸುರುಳಿಕುಡಿಗಳಾಗಿವೆ. ಅವು ಗಾಳಿಯಲ್ಲಿ ನಿಧಾನವಾಗಿ ಸುತ್ತು ಹಾಕುತ್ತ, ತಾಕಿದ ಸಣ್ಣ ವಸ್ತುವಿಗೆ ಹೆಣೆದುಕೊಳ್ಳುತ್ತವೆ. ಬಳ್ಳಿಗಳ ಈ ಚಲನೆಯ ಬಗ್ಗೆ ಡಾರ್ವಿನ್ನರ ದೀರ್ಘ ಪ್ರಬಂಧವನ್ನು ಲಂಡನ್ನಿನ ಲಿನೇಯನ್ ಸೊಸೈಟಿಯಲ್ಲಿ ಓದಿದ್ದು 1865ರ ಫೆಬ್ರವರಿ 2ರಂದು. ಆರೇ ದಿನಗಳ ನಂತರ ಬ್ರನೋದಲ್ಲಿ ಮೆಂಡೆಲ್ ತಮ್ಮ ಬಟಾಣಿಯ ಮೊದಲ ಉಪನ್ಯಾಸ ಕೊಟ್ಟರು. ಒಬ್ಬರಿಗೆ ಬಳ್ಳಿ ಹೇಗೆ ಹತ್ತುತ್ತದೆಂಬ ಕುತೂಹಲ, ಇನ್ನೊಬ್ಬರಿಗೆ ಹತ್ತುವ ಬಳ್ಳಿಯ ಮಕ್ಕಳಲ್ಲಿ ಗಿಡ್ಡವು ಎಷ್ಟೆಂಬ ಲೆಕ್ಕ. ಇರಲಿ. ಕುಡಿ ತೆಳುವಾದ್ದರಿಂದ ಅದಕ್ಕೆ ಬೇಕಾದದ್ದು ನುಣುಪಾದ ಗೂಟವಲ್ಲ, ಬೀಸಣಿಗೆಯ ಹಾಗೆ ಕವಲೊಡೆದ ಸಣ್ಣ ರೆಂಬೆ. ಇಂಗ್ಲೆಂಡಿನ ಥಾಮಸ್ ಟಸ್ಸರ್ 1573ರ ತನ್ನ ಬೇಸಾಯದ ಪದ್ಯಗ್ರಂಥದಲ್ಲಿ ರನ್ಸಿವಲ್ ಎಂಬ ದಪ್ಪ ಬಟಾಣಿಯ ನಡುವೆ ಧಾರಾಳವಾಗಿ ಟೊಂಗೆ ನೆಡಿ ಎಂದು ಹೇಳಿದ್ದು ಇದೇ ಕಾರಣಕ್ಕೆ. ಹೊಲದ ಬಟಾಣಿಗೆ ಈ ಉಪಚಾರ ಇರಲಿಲ್ಲ. ಅದು ನೆಲದ ಮೇಲೆ ಹೊರಳಿ ಬೆಳೆದು, ಒಣಗಿದ ಮೇಲೆ ಕುಯಿಲಾಗಿ, ಬಡವರ ಗಂಜಿಯ ಕಾಳಾಗುತ್ತಿತ್ತು. ಕೆಲವೆಡೆ ಓಟ್ಸ್ ಜೊತೆ ಬಿತ್ತಿ ಅದರ ದಂಟನ್ನೇ ಆಸರೆ ಮಾಡುತ್ತಿದ್ದರು. ಹಸಿಕಾಳು ಬೇರೆಯದೇ ಅಂತಸ್ತಿನದು. 1690ರ ದಶಕದಲ್ಲಿ ಹದಿನಾಲ್ಕನೆಯ ಲೂಯಿಯ ಆಸ್ಥಾನಕ್ಕೆ ಎಳೆ ಬಟಾಣಿಯ ಹುಚ್ಚು ಹಿಡಿದಿದ್ದು ಮದಾಮ್ ದ ಮಾಂತೆನೊನ್‌ಳ ಪತ್ರದಿಂದ ತಿಳಿಯುತ್ತದೆ.

ಆ ಟೊಂಗೆ ಬರುತ್ತಿದ್ದದ್ದು ಎಲ್ಲಿಂದ? ದಕ್ಷಿಣ ಇಂಗ್ಲೆಂಡಿನಲ್ಲಿ ಹೆಚ್ಚಾಗಿ ಹೇಜಲ್ ತೋಪುಗಳಿಂದ. ಹೇಜಲನ್ನು ಬುಡಕ್ಕೆ ಕಡಿದರೆ ಕೂಳೆ ಚಿಗುರಿ ಏಳೆಂಟು ವರ್ಷಕ್ಕೆ ಮತ್ತೆ ಕಡಿತಕ್ಕೆ ಬರುತ್ತದೆ. ದಪ್ಪ ಗಳು ಕುರಿದೊಡ್ಡಿಯ ತಟ್ಟಿಗೆ, ನಡುವಿನದು ಹುರುಳಿಕಾಯಿಯ ಬಳ್ಳಿಗೆ, ತುದಿಯ ಕವಲುಗಡ್ಡಿ ಬಟಾಣಿಗೆ. ಅಂದರೆ ಬಟಾಣಿಕಡ್ಡಿ ಎಂಬುದು ತಟ್ಟಿ ಹೆಣೆಯುವವನ ಕಸುಬಿನ ಉಳಿಕೆ. ತಟ್ಟಿಯ ಜಾಗಕ್ಕೆ ತಂತಿ ಬೇಲಿ ಬಂದು, ಸೌದೆಯ ಜಾಗಕ್ಕೆ ಕಲ್ಲಿದ್ದಲು ಬಂದು, ಕೊನೆಗೆ ಮೊದಲ ಮಹಾಯುದ್ಧ ದೊಡ್ಡ ಮನೆಗಳ ತೋಟದಾಳುಗಳನ್ನು ಎಳೆದುಕೊಂಡು ಹೋದಾಗ, ಆ ತೋಪುಗಳನ್ನು ಸರದಿಯ ಪ್ರಕಾರ ಕಡಿಯುವವರೇ ಕಡಿಮೆಯಾದರು. ಬಟಾಣಿ ತಿನ್ನುವವರೇನೂ ಕಡಿಮೆಯಾಗಲಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಗಿಡ್ಡ ಬಟಾಣಿ ಯುದ್ಧಕ್ಕಿಂತ ಎಷ್ಟೋ ಮೊದಲೇ ಇತ್ತಲ್ಲ, ಮೆಂಡೆಲ್ಲರೇ ಅದನ್ನು ಕೊಂಡಿದ್ದರಲ್ಲ? ನಿಜ. ಗುಣ ಹಳೆಯದು, ಗೆಲುವು ಹೊಸದು. ಹತ್ತೊಂಬತ್ತನೆಯ ಶತಮಾನ ಮುಗಿಯುವವರೆಗೂ ತಳಿಗಾರರು ಎತ್ತರದ ಬಟಾಣಿಯನ್ನು ಕೈಬಿಟ್ಟಿರಲಿಲ್ಲ. ಡಾರ್ವಿನ್ನರೊಂದಿಗೆ ಪತ್ರವ್ಯವಹಾರವಿದ್ದ ಥಾಮಸ್ ಲ್ಯಾಕ್ಸ್‌ಟನ್ನರ ಆಲ್ಡರ್‌ಮನ್ ತಳಿ ಐದಾರು ಅಡಿ ಏರುವಂಥದ್ದು. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಗಿಡ್ಡತನದ ಕಾರಣವನ್ನು 1997ರಲ್ಲಿ ವಿಜ್ಞಾನಿಗಳು ಜೀನ್ ಮಟ್ಟದಲ್ಲೇ ಗುರುತಿಸಿದರು: ಜಿಬ್ಬರೆಲಿನ್ ಎಂಬ ಬೆಳವಣಿಗೆಯ ಹಾರ್ಮೋನು ಕೊನೆಯ ಹಂತದಲ್ಲಿ ಸಾಕಷ್ಟು ತಯಾರಾಗುವುದಿಲ್ಲ. ಇದರಿಂದ ಮುಖ್ಯವಾಗಿ ಕುಗ್ಗುವುದು ಗೆಣ್ಣುಗಳ ನಡುವಿನ ಅಂತರ, ಗೆಣ್ಣುಗಳ ಸಂಖ್ಯೆಯಲ್ಲ. ಕಾಯಿ ಬಿಡುವುದು ಗೆಣ್ಣಿನಲ್ಲೇ ಆದ್ದರಿಂದ ಗಿಡ್ಡವಾದರೆ ನಷ್ಟವೇನು ಎಂದು ಕೇಳಬಹುದು. ಗಿಡವೊಂದರ ಲೆಕ್ಕದಲ್ಲಿ ನಷ್ಟ ದೊಡ್ಡದಲ್ಲ ಎಂದು ಒಪ್ಪುತ್ತೇನೆ. ಆದರೆ ಹಿಡಿಯಷ್ಟು ಜಾಗದ ಕೈತೋಟಕ್ಕೆ ಗಾಳಿ ಬೆಳಕೇ ಬಂಡವಾಳ. ಆಸರೆ ಹತ್ತಿದ ಬಳ್ಳಿಯ ಕಾಯಿ ಮಣ್ಣಿನ ತೇವದಿಂದ ದೂರ ಇರುತ್ತದೆ, ಬಗ್ಗದೆ ಬಿಡಿಸಲು ಸಿಗುತ್ತದೆ, ವಾರಗಟ್ಟಲೆ ಒಂದೊಂದೇ ಹಿಡಿ ಬರುತ್ತದೆ.

ಹಾಗೆ ಒಂದೊಂದೇ ಹಿಡಿ ಬರುವುದು ಕಾರ್ಖಾನೆಗೆ ಬೇಡವಾಗಿತ್ತು. 1880ರ ದಶಕದ ಕೊನೆಯಿಂದ ಅಮೆರಿಕದ ಡಬ್ಬಿ ಕಾರ್ಖಾನೆಗಳಿಗೆ ಬಂದ ಯಂತ್ರಗಳು ಕೊಯ್ದ ಗಿಡವನ್ನು ಇಡಿಯಾಗಿ ನುಂಗಿ ಕಾಳನ್ನು ಬೇರೆ ಮಾಡುತ್ತಿದ್ದವು. 1930ರಲ್ಲಿ ಕ್ಲಾರೆನ್ಸ್ ಬರ್ಡ್ಸ್‌ಐ ಅವರ ಹಿಮಗಟ್ಟಿಸಿದ ಆಹಾರ ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡ್ ಅಂಗಡಿಗಳಿಗೆ ಬಂದಾಗ ಅದರಲ್ಲಿ ಬಟಾಣಿಯೂ ಇತ್ತು. ಇಂಥ ಯಂತ್ರಕ್ಕೆ ಬೇಕಾದದ್ದು ಒಂದೇ ಎತ್ತರದ, ಒಂದೇ ಸಲ ಮಾಗುವ, ಕಡ್ಡಿಯ ಅಡ್ಡಿಯಿಲ್ಲದ ಬೆಳೆ. ಹಾಗಾದರೆ ಬಟಾಣಿಯನ್ನು ಕುಳ್ಳಾಗಿಸಿದ್ದು ಯಂತ್ರವೇ ಹೊರತು ಕಡ್ಡಿಯ ಅಭಾವವಲ್ಲ ಎನ್ನಬಹುದು. ಹೊಲದ ಮಟ್ಟಿಗೆ ಅದು ಸರಿ. ಆದರೆ ಕೈತೋಟದಲ್ಲಿ ಯಂತ್ರವಿಲ್ಲ, ಒಂದೇ ದಿನ ಬುಟ್ಟಿಗಟ್ಟಲೆ ಕಾಳು ಬಂದರೆ ಮನೆಯವರಿಗೆ ಸುಲಿಯುವ ಸಂಕಟವೇ ಹೆಚ್ಚು. ಆದರೂ ಅಲ್ಲಿ ಗಿಡ್ಡ ತಳಿ ನೆಲೆಯೂರಿದ್ದಕ್ಕೆ ಯಂತ್ರದ ಕಾರಣ ಸಾಲದು. ತಂತಿ ಬಲೆ ಸಿಗುತ್ತಿತ್ತಲ್ಲ ಎಂದರೆ, ಬಲೆಗೆ ಗೂಟ ಹುಗಿಯಬೇಕು, ಬೆಳೆ ಮುಗಿದ ಮೇಲೆ ಒಣಬಳ್ಳಿಯನ್ನು ಕಣ್ಣುಕಣ್ಣಿನಿಂದ ಬಿಡಿಸಬೇಕು. ಹೇಜಲ್ ಕಡ್ಡಿಯಾದರೆ ಬಳ್ಳಿಸಮೇತ ಕಿತ್ತು ಒಲೆಗೆ ಹಾಕಿದರಾಯಿತು. ಬಲೆ ಕಡ್ಡಿಯ ಜಾಗ ತುಂಬಿತು, ಶ್ರಮವನ್ನು ಉಳಿಸಲಿಲ್ಲ.

ಭಾರತದ ಬೀಜದ ಪೊಟ್ಟಣಗಳಿಗೂ ಇದೇ ಪರಂಪರೆ ಬಂದಿದೆ. ಬಹಳ ಕಾಲ ಚಾಲ್ತಿಯಲ್ಲಿರುವ ಆರ್ಕೆಲ್ ಇಂಗ್ಲೆಂಡಿನಿಂದ ತರಿಸಿದ, ಮೊಣಕಾಲೆತ್ತರದ ತಳಿ. ನಮ್ಮಲ್ಲಿ ಹೊಲದ ಅವರೆಗೂ ಚಪ್ಪರದವರೆಗೂ ಪ್ರತ್ಯೇಕ ಬದುಕು ಉಳಿದಿದೆ. ಹಿತ್ತಲಿನ ಚಪ್ಪರ ಇನ್ನೂ ಅಗ್ಗವಾಗಿರುವುದು ಅದಕ್ಕೆ ಒಂದು ಕಾರಣವಿರಬೇಕು. ಬಟಾಣಿಗೆ ಆ ಅದೃಷ್ಟ ಇರಲಿಲ್ಲ. 1970ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ಇನ್ನೆಸ್ ಸಂಸ್ಥೆಯ ತಳಿಗಾರರು ಇನ್ನೂ ಒಂದು ಹೆಜ್ಜೆ ಹೋದರು. ಕಿರುಎಲೆಗಳೆಲ್ಲ ಸುರುಳಿಕುಡಿಗಳಾಗುವ ರೂಪಾಂತರವನ್ನು ಬಳಸಿ, ಅಕ್ಕಪಕ್ಕದ ಗಿಡಗಳು ಒಂದನ್ನೊಂದು ಹಿಡಿದು ನಿಲ್ಲುವ ಬಟಾಣಿ ರೂಪಿಸಿದರು. ಒಣಕಾಳಿಗೆ ಬೆಳೆಯುವ ಹೊಲಗಳಲ್ಲಿ ಇಂದು ಹೆಚ್ಚಾಗಿ ಕಾಣುವುದು ಅದೇ.

ಕೈತೋಟಿಗರಿಗೆ ಕಡ್ಡಿ ನೆಡುವ ಮನಸ್ಸೇ ಹೋಗಿತ್ತೆಂದು ಇದರಿಂದ ತೀರ್ಮಾನಿಸಬೇಕಿಲ್ಲ. ಅಮೆರಿಕದ ಐಡಹೊ ರಾಜ್ಯದಲ್ಲಿ ಕ್ಯಾಲ್ವಿನ್ ಲ್ಯಾಂಬೋರ್ನ್ ರೂಪಿಸಿದ ಶುಗರ್ ಸ್ನ್ಯಾಪ್, ಸಿಪ್ಪೆಸಮೇತ ತಿನ್ನುವ ಸಿಹಿ ಬಟಾಣಿ, 1979ರಲ್ಲಿ ಪೇಟೆಗೆ ಬಂತು. ಅದು ಆರಡಿ ಏರುವ ಬಳ್ಳಿ, ಆಸರೆಯಿಲ್ಲದೆ ಆಗದು. ಹಾಗಿದ್ದೂ ಆ ವರ್ಷದ ಆಲ್ ಅಮೆರಿಕ ಸೆಲೆಕ್ಷನ್ಸ್ ಚಿನ್ನದ ಪದಕ ಅದಕ್ಕೇ ಸಿಕ್ಕಿತು, ಜನ ಬಲೆ ಕಟ್ಟಿ ಬೆಳೆದರು. ಐದು ವರ್ಷ ಕಳೆದು 1984ರಲ್ಲಿ ಅದೇ ಸಂಸ್ಥೆಯ ಮನ್ನಣೆ ಶುಗರ್ ಆನ್ ಎಂಬ ತಳಿಗೆ ಹೋಯಿತು: ಅದೇ ಬಗೆಯ ಸಿಹಿ, ಎತ್ತರ ಎರಡಡಿ, ಆಸರೆ ಬೇಕಿಲ್ಲ.